ಸರ್ವರ್‌ಗೆ ಮೆಮೊರಿ ಹಾಕಿಸುವ ಮುನ್ನ: ಟ್ರಾನ್ಸಾಕ್ಷನ್ ಲೆಕ್ಕ ಓದುವ ಬಗೆ

ಶಿವಮೊಗ್ಗದ ಅಡಿಕೆ ಮಂಡಿಯೊಂದರ ತಂತ್ರಾಂಶವನ್ನು ನೋಡಿಕೊಳ್ಳುವ ನನಗೆ ಸುಗ್ಗಿಯಲ್ಲಿ ಬರುವ ದೂರು ಹೆಚ್ಚಾಗಿ ಒಂದೇ: "ಸಾರ್, ಸಿಸ್ಟಮ್ ಎಳೀತಿದೆ, ಪಟ್ಟಿ ಬರ್ತಾನೇ ಇಲ್ಲ." (ಪಟ್ಟಿ ಎಂದರೆ ಮಾರಾಟದ ಲೆಕ್ಕದ ಚೀಟಿ.) ಆಗ ಸರ್ವರ್‌ಗೆ ಇನ್ನಷ್ಟು ಮೆಮೊರಿ ಹಾಕಿಸುವ ಮಾತು ತಾನಾಗಿ ಬರುತ್ತದೆ, ಅದಕ್ಕೂ ಮುನ್ನ ಡೇಟಾಬೇಸ್ ತಾನೇ ಬರೆದಿಟ್ಟುಕೊಂಡಿರುವ ಲೆಕ್ಕವನ್ನು ಓದಬೇಕು. ಇಲ್ಲಿ ಹೇಳುವುದೆಲ್ಲ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶಕ್ಕೆ ಸಂಬಂಧಿಸಿದ್ದು. ಮಂಡಿಯಲ್ಲಿ ವಹಿವಾಟು ಎಂದರೆ ಅಡಿಕೆಯ ಮಾರಾಟವೇ ಆದ್ದರಿಂದ, ಗೊಂದಲ ಬೇಡವೆಂದು ಒಟ್ಟಿಗೆ ಪೂರ್ತಿ ನಡೆಯಬೇಕಾದ ಇಲ್ಲವೇ ಪೂರ್ತಿ ರದ್ದಾಗಬೇಕಾದ ಡೇಟಾಬೇಸ್ ಕೆಲಸಗಳ ಗುಂಪಿಗೆ ಟ್ರಾನ್ಸಾಕ್ಷನ್ ಎಂಬ ಪದವನ್ನೇ ಉಳಿಸಿಕೊಂಡಿದ್ದೇನೆ.

ಮೊದಲು ತೆರೆಯಬೇಕಾದದ್ದು 'ಪಿಜಿ_ಸ್ಟ್ಯಾಟ್_ಡೇಟಾಬೇಸ್' ಎಂಬ ವ್ಯೂ, ಅಂದರೆ ಕೋಷ್ಟಕದಂತೆ ಓದಬಹುದಾದ ನೋಟ. ಪ್ರತಿ ಡೇಟಾಬೇಸ್‌ಗೆ ಅಲ್ಲಿ ಒಂದು ಸಾಲಿದ್ದು, ಕಮಿಟ್ ಆದ (ಖಾಯಂ ಆಗಿ ಉಳಿದ) ಮತ್ತು ರೋಲ್‌ಬ್ಯಾಕ್ ಆದ (ರದ್ದಾದ) ಟ್ರಾನ್ಸಾಕ್ಷನ್‌ಗಳ ಎಣಿಕೆ ಬೇರೆಬೇರೆ ಕಾಲಂಗಳಲ್ಲಿ ಸಿಗುತ್ತದೆ. ಇವು ಅಂಕಿ-ಅಂಶವನ್ನು ಕೊನೆಯ ಬಾರಿ ಸೊನ್ನೆಗೆ ಇಳಿಸಿದಂದಿನಿಂದ ಕೂಡುತ್ತಲೇ ಬಂದ ಮೊತ್ತಗಳು. ಆಗುಂಬೆಯಲ್ಲಿ ಜೂನ್ 1ರಿಂದ ಈವರೆಗೆ ಸುರಿದ ಒಟ್ಟು ಮಳೆಯನ್ನು ನೋಡಿ ನಿನ್ನೆ ಎಷ್ಟು ಹೊಯ್ಯಿತೆಂದು ಹೇಳಲಾಗದು. ಇಂದು ಬೆಳಿಗ್ಗೆ 8.30ರ ಮೊತ್ತದಿಂದ ನಿನ್ನೆ 8.30ರ ಮೊತ್ತವನ್ನು ಕಳೆಯಲೇಬೇಕು. ಅಂತೆಯೇ ಇಲ್ಲಿಯೂ ಹತ್ತು ನಿಮಿಷದ ಅಂತರದಲ್ಲಿ ಎರಡು ಬಾರಿ ಬರೆದುಕೊಂಡು ವ್ಯತ್ಯಾಸ ತೆಗೆಯಬೇಕು. ಉದಾಹರಣೆಗೆ, 11 ಗಂಟೆಗೆ 48,20,000 ಇದ್ದ ಕಮಿಟ್ 11.10ಕ್ಕೆ 48,26,000 ಆಗಿದ್ದರೆ ಸೆಕೆಂಡಿಗೆ 10 ಕಮಿಟ್ ನಡೆದಂತಾಯಿತು. ಅಷ್ಟರಲ್ಲಿ ರೋಲ್‌ಬ್ಯಾಕ್ 900 ಏರಿದ್ದರೆ, ಮುಗಿದ 6,900ರಲ್ಲಿ ಶೇ 13ರಷ್ಟು ರದ್ದಾಗಿವೆ. ಕಾರಣವನ್ನು ಲಾಗ್‌ನಲ್ಲಿ ಹುಡುಕಬೇಕು.

ಕಮಿಟ್ ಎಣಿಕೆ ದೊಡ್ಡದಿದೆಯೆಂದು ಹಿಗ್ಗಬೇಕಾಗಿಯೂ ಇಲ್ಲ. ಟ್ರಾನ್ಸಾಕ್ಷನ್ ಆರಂಭಿಸುವ ಬಿಗಿನ್ ಆದೇಶ ಇಲ್ಲದೆ ಓಡುವ, ಮಾಹಿತಿ ಓದುವ ಪ್ರತಿಯೊಂದು ಸೆಲೆಕ್ಟ್ ಕೂಡ ಒಂದು ಟ್ರಾನ್ಸಾಕ್ಷನ್ ಎಂದೇ ಲೆಕ್ಕ. ಸಂಪರ್ಕ ಜೀವಂತವಾಗಿದೆಯೇ ಎಂದು ಪರೀಕ್ಷಿಸುವ 'ಸೆಲೆಕ್ಟ್ 1' ಸಹ ಅದರೊಳಗೇ ಸೇರುತ್ತದೆ. ಅದೇ ಸಾಲಿನಲ್ಲಿ ತಾತ್ಕಾಲಿಕ ಫೈಲ್‌ಗಳ ಗಾತ್ರ ಭರದಿಂದ ಏರುತ್ತಿದ್ದರೆ, ವಿಂಗಡಣೆಯಂಥ ಕೆಲಸ 'ವರ್ಕ್_ಮೆಮ್' ಎಂಬ ಮೆಮೊರಿ ಮಿತಿಯನ್ನು ಮೀರಿ ಡಿಸ್ಕ್‌ಗೆ ಹರಿಯುತ್ತಿದೆ ಎಂದರ್ಥ. ಈ ಮಿತಿ ಮೂಲತಃ 4 ಎಂಬಿ ಇರುತ್ತದೆ.

ನಿಜವಾಗಿ ಕಾಡುವುದು ಬೇರೊಂದು ಸ್ಥಿತಿ: ಕಮಿಟ್ ವೇಗ ಕುಸಿದಿರುತ್ತದೆ, ಪ್ರೊಸೆಸರ್ ಮಾತ್ರ ಸುಮ್ಮನೆ ಕುಳಿತಿರುತ್ತದೆ. ಈ ಎಣಿಕೆಗಳು ಮುಗಿದ ಟ್ರಾನ್ಸಾಕ್ಷನ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ. ತೊಂದರೆ ಕೊಡುತ್ತಿರುವುದು ಇನ್ನೂ ಮುಗಿಯದೆ ಇರುವುದರಿಂದ ಅದು ಅಲ್ಲಿ ಕಾಣುವುದೇ ಇಲ್ಲ. ನಮ್ಮಲ್ಲಿ ಒಂದು ಮಧ್ಯಾಹ್ನ ಗುಮಾಸ್ತರೊಬ್ಬರು 'ರಾಶಿ' ಬಗೆಯ ಅಡಿಕೆಯ ಲಾಟ್ ಒಂದನ್ನು ತೆರೆದು, ಮೂಟೆಗಳ ತೂಕ ತಿದ್ದಿ, ದರದ ಖಾನೆಯನ್ನು ಖಾಲಿ ಬಿಟ್ಟು ಊಟಕ್ಕೆ ಎದ್ದಿದ್ದರು. ಲಾಟ್ ತೆರೆದೊಡನೆ ಟ್ರಾನ್ಸಾಕ್ಷನ್ ಶುರುಮಾಡಿ, ಪಟ್ಟಿಯ ಕ್ರಮಸಂಖ್ಯೆ ಇರುವ ಸಾಲನ್ನು ಬೇರೆಯವರು ಬದಲಿಸದಂತೆ ಲಾಕ್ ಮಾಡಿ, 'ಉಳಿಸು' ಒತ್ತುವವರೆಗೂ ಬಿಡದಂತೆ ತಂತ್ರಾಂಶ ಬರೆಯಲಾಗಿತ್ತು. ಉಳಿದ ಕೌಂಟರ್‌ಗಳೆಲ್ಲ ಆ ಒಂದು ಸಾಲಿಗಾಗಿ ಕಾದು ನಿಂತವು. ತಪ್ಪು ಗುಮಾಸ್ತರದಲ್ಲ, ಆ ಕೋಡ್ ಬರೆದ ನನ್ನದು.

ಇದನ್ನು ಹಿಡಿಯಲು, ಸಂಪರ್ಕಗಳ ಈಗಿನ ಸ್ಥಿತಿ ತೋರಿಸುವ 'ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ' ವ್ಯೂನಲ್ಲಿ ಟ್ರಾನ್ಸಾಕ್ಷನ್ ಆರಂಭದ ಸಮಯವನ್ನು ಅನುಸರಿಸಿ ಹಳೆಯದು ಮೊದಲು ಬರುವಂತೆ ಸಾಲುಗಳನ್ನು ಜೋಡಿಸಬೇಕು. ಸ್ಥಿತಿಯ ಕಾಲಂನಲ್ಲಿ 'ಐಡಲ್ ಇನ್ ಟ್ರಾನ್ಸಾಕ್ಷನ್' (ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನಿರುವುದು) ಎಂದಿದ್ದು, ಆರಂಭದ ಸಮಯ ಅರ್ಧ ಗಂಟೆ ಹಿಂದಿನದಾಗಿದ್ದರೆ ಅದರ ಮೇಲೆಯೇ ಮೊದಲ ಅನುಮಾನ. ಕಾಯುತ್ತಿರುವ ಸಂಪರ್ಕಗಳ ನಿರೀಕ್ಷೆಯ ಬಗೆ 'ಲಾಕ್' ಎಂದು ತೋರುತ್ತದೆ. ಅವುಗಳ ಪಿಐಡಿಯನ್ನು (ಪ್ರಕ್ರಿಯೆಯ ಗುರುತಿನ ಸಂಖ್ಯೆ) 'ಪಿಜಿ_ಬ್ಲಾಕಿಂಗ್_ಪಿಡ್ಸ್' ಫಂಕ್ಷನ್‌ಗೆ ಕೊಟ್ಟರೆ ಅಡ್ಡ ನಿಂತವರ ಪಿಐಡಿ ಸಿಗುತ್ತದೆ. ಡೆಡ್‌ಲಾಕ್ ಎಣಿಕೆ ಸೊನ್ನೆಯಿದೆಯಲ್ಲ ಎಂದು ನಾನು ಅಂದು ದಾರಿ ತಪ್ಪಿದ್ದೆ. ಪರಸ್ಪರ ಒಬ್ಬರಿಗೊಬ್ಬರು ಕಾಯುವ ಸುತ್ತು ಉಂಟಾದರಷ್ಟೇ ಅದು ಏರುತ್ತದೆ. ಎಲ್ಲರೂ ಒಬ್ಬರಿಗಾಗಿ ಕಾಯುವುದು ಡೆಡ್‌ಲಾಕ್ ಅಲ್ಲ.

ಇಂಥ ಸಂಪರ್ಕಕ್ಕೆ 'ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್' ನಾಟುವುದಿಲ್ಲ, ಏಕೆಂದರೆ ನಿಲ್ಲಿಸಲು ಅಲ್ಲಿ ಯಾವ ಕ್ವೆರಿಯೂ ಓಡುತ್ತಿರುವುದಿಲ್ಲ. 'ಪಿಜಿ_ಟರ್ಮಿನೇಟ್_ಬ್ಯಾಕೆಂಡ್' ಬಳಸಿ ಸಂಪರ್ಕವನ್ನೇ ಮುಗಿಸಬೇಕಾಗುತ್ತದೆ. ಹಾಗೆ ಮಾಡಿದಾಗ ಉಳಿಸದ ತಿದ್ದುಪಡಿ ಅಳಿಸಿಹೋಗುವುದರಿಂದ ಕೆಲಸ ಮಾಡುತ್ತಿದ್ದವರಿಗೆ ಮೊದಲೇ ಒಂದು ಮಾತು ಹೇಳುವುದು ಒಳ್ಳೆಯದು.

14ನೇ ಆವೃತ್ತಿಯಿಂದ ಈಚೆಗೆ, ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನಿದ್ದ ಒಟ್ಟು ಸಮಯವೂ 'ಪಿಜಿ_ಸ್ಟ್ಯಾಟ್_ಡೇಟಾಬೇಸ್'ನಲ್ಲಿ ಮಿಲಿಸೆಕೆಂಡ್‌ಗಳಲ್ಲಿ ದಾಖಲಾಗುತ್ತದೆ. ಇದರ ದಿನದಿನದ ವ್ಯತ್ಯಾಸವನ್ನು ಬರೆದಿಡುವ ರೂಢಿ ಮಾಡಿಕೊಂಡ ಮೇಲೆ ದೂರು ಬರುವ ಮೊದಲೇ ನನಗೆ ಸುಳಿವು ಸಿಗುತ್ತಿದೆ. ಕೋಡ್‌ನಲ್ಲಿ ಮಾಡಿದ ಬದಲಾವಣೆ ಚಿಕ್ಕದು: ತೂಕ, ದರ ಎಲ್ಲವನ್ನೂ ತುಂಬಿ 'ಉಳಿಸು' ಒತ್ತಿದ ಮೇಲಷ್ಟೇ ಟ್ರಾನ್ಸಾಕ್ಷನ್ ತೆರೆಯುತ್ತದೆ, ಕ್ರಮಸಂಖ್ಯೆಯನ್ನು ಕಮಿಟ್‌ಗೆ ತೀರ ಮುಂಚೆ ಪಡೆಯುತ್ತದೆ. ತಾನಾಗಿ ಮುಂದಿನ ಸಂಖ್ಯೆ ಕೊಡುವ ಸೀಕ್ವೆನ್ಸ್ ಬಳಸಿದ್ದರೆ ಲಾಕ್‌ನ ಗೋಜೇ ಇರುತ್ತಿರಲಿಲ್ಲ, ಆದರೆ ರೋಲ್‌ಬ್ಯಾಕ್ ಆದಾಗ ಅದು ಸಂಖ್ಯೆಗಳನ್ನು ಹಾರಿಸುತ್ತದೆ. ಪಟ್ಟಿಯ ಸಂಖ್ಯೆ ಹಾರಿದರೆ ಮಂಡಿಯವರು ಒಪ್ಪುವುದಿಲ್ಲ. ಇದರ ಜೊತೆಗೆ 'ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್' ಮೌಲ್ಯವನ್ನು 5 ನಿಮಿಷಕ್ಕೆ ಇಟ್ಟಿದ್ದೇನೆ. ಮೂಲತಃ ಅದು ಸೊನ್ನೆ, ಅಂದರೆ ಮಿತಿಯೇ ಇಲ್ಲ. ಮಿತಿ ಮೀರಿದಾಗ ಸಂಪರ್ಕವೇ ಕಡಿದುಹೋಗುವುದರಿಂದ, ತಂತ್ರಾಂಶ ಅದನ್ನು ಗುರುತಿಸಿ ಮತ್ತೆ ಸಂಪರ್ಕ ಸಾಧಿಸುತ್ತದೆಯೇ ಎಂದು ವ್ಯಾಪಾರವಿಲ್ಲದ ದಿನ ಒಮ್ಮೆ ಪರೀಕ್ಷಿಸಿಕೊಳ್ಳಬೇಕು.