ಚಳಿಗಾಲದ ಹುಲ್ಲಿನಲ್ಲಿ ದೊಡ್ಡ ಬಾಸ್ ಮೀನು ಹಿಡಿಯುವುದು ಹೇಗೆ?

ಅಮೆರಿಕದ ಅಲಬಾಮಾ ರಾಜ್ಯದ ಗಂಟರ್ಸ್‌ವಿಲ್ ಕೆರೆ ಟೆನೆಸ್ಸಿ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು. ಅಣೆಕಟ್ಟು 1939ರದ್ದು, ನೀರು ಸುಮಾರು 69,000 ಎಕರೆ. ನೀರೊಳಗೆ ಹೈಡ್ರಿಲ್ಲಾ, ಮಿಲ್‌ಫಾಯಿಲ್ ಹುಲ್ಲು ದಟ್ಟವಾಗಿ ಬೆಳೆಯುತ್ತದೆ. ನವೆಂಬರ್ ಕೊನೆಗೆ ಇಲ್ಲಿ ದೊಡ್ಡ ಲಾರ್ಜ್‌ಮೌತ್ ಬಾಸ್ ಸಿಗುತ್ತವೆ. ಆದರೆ ಲೂರ್ (ಕೊಕ್ಕೆ ಇರುವ ಕೃತಕ ಗಾಳದ ಮೀನು) ಹುಲ್ಲಿಗೆ ಸಿಕ್ಕಿದ ತಕ್ಷಣ ಬೇಸರಪಟ್ಟು ದರದರ ಎಳೆದುಕೊಳ್ಳುವವರೇ ಜಾಸ್ತಿ. ಮೀನು ಕಚ್ಚುವುದೇ ಆ ಹೊತ್ತಿನಲ್ಲಿ ಅಲ್ವಾ!

ಮೊದಲು ಹಸಿರು ಹುಲ್ಲು ಹುಡುಕಿ. ನೀರು ತಣ್ಣಗಾದ ಹಾಗೆ ದಡದ ಹುಲ್ಲು ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ. ಕೊಕ್ಕೆಗೆ ಸಿಕ್ಕಿ ಬಂದ ಎಳೆಯನ್ನು ಬೆರಳಲ್ಲಿ ಹಿಸುಕಿ ನೋಡಿ. ಕಂದಾಗಿ ಲೋಳೆಯಾದರೆ ಮುಂದೆ ಹೋಗಿ. ಹಸಿರಾಗಿ ಗರಿಗರಿ ಇದ್ದರೆ ಅಲ್ಲೇ ದೋಣಿ ನಿಲ್ಲಿಸಿ. ಹಳೆಯ ತೊರೆಯ ಪಾತ್ರದ ಪಕ್ಕ, 5ರಿಂದ 8 ಅಡಿ ಆಳದ ಹುಲ್ಲಿನಂಚನ್ನು ಬಿಟ್ಟು ನಾನಂತೂ ಬೇರೆಡೆ ಶುರು ಮಾಡುವುದಿಲ್ಲ.

ಅರ್ಧ ಔನ್ಸಿನ ಲಿಪ್‌ಲೆಸ್ ಕ್ರ್ಯಾಂಕ್‌ಬೈಟ್ ಕಟ್ಟಿ, ಕೆಂಪು ಬಣ್ಣದ್ದು. ಇದು ಮುಂದೆ ತುಟಿಯಂಥ ಪಟ್ಟಿ ಇಲ್ಲದ, ಮುಳುಗುವ ಮೀನಿನಾಕಾರದ ಲೂರ್. 15ರಿಂದ 17 ಪೌಂಡ್ ಭಾರ ತಡೆಯುವ ಫ್ಲೋರೋಕಾರ್ಬನ್ ದಾರ, ತುದಿ ಚೆನ್ನಾಗಿ ಬಾಗುವ 7 ಅಡಿ ರಾಡ್ ಸಾಕು. ಡಜನ್ ಲೆಕ್ಕದಲ್ಲಿ ಮಾರುವ ಅಗ್ಗದ ಲೂರ್ ಬೇಡವೇ ಬೇಡ. ದೊಡ್ಡ ಮೀನು ಜಗ್ಗಿದರೆ ಅದರ ಕೊಕ್ಕೆ ನೆಟ್ಟಗಾಗಿಬಿಡುತ್ತದೆ.

ಈಗ ಮುಖ್ಯವಾದ ಕೆಲಸ. ದೂರಕ್ಕೆ ಎಸೆದು, ಹುಲ್ಲಿನ ನೆತ್ತಿಗೆ ತಾಗುವಷ್ಟು ನಿಧಾನವಾಗಿ ಸುತ್ತಿ. ತಾಗುವವರೆಗೂ ನಿಧಾನ ಮಾಡಿ, ಸುಮ್ನೆ ಮೇಲೆ ತೇಲಿಸಬೇಡಿ. ಸಿಕ್ಕಿಕೊಂಡಾಗ ರೀಲ್ ತಿರುಗಿಸುವುದನ್ನು ನಿಲ್ಲಿಸಿ. ರಾಡ್ ತುದಿಯನ್ನು ಲೂರ್ ಕಡೆಗೆ ಇಳಿಸಿ, ದಾರ ತುಸು ಸಡಿಲವಾಗಲಿ. ಆಮೇಲೆ ಮಣಿಕಟ್ಟಿನಿಂದ ಒಂದೇ ಝಟಕಾ ಕೊಡಿ. ಮೆಲ್ಲಗೆ ಎಳೆದರೆ ಲೂರ್ ಹುಲ್ಲು ಮೆತ್ತಿಕೊಂಡೇ ಬರುತ್ತದೆ, ಝಟಕಾ ಕೊಟ್ಟರೆ ಹುಲ್ಲು ಹರಿದು ಲೂರ್ ಚಿಮ್ಮುತ್ತದೆ. ಚಿಮ್ಮಿದ ಮೇಲೆ ಒಂದೆರಡು ಕ್ಷಣ ಹಾಗೇ ಬೀಳಲು ಬಿಡಿ, ದಾರದ ಮೇಲೆ ಕಣ್ಣಿರಲಿ. ದಾರ ಪಕ್ಕಕ್ಕೆ ಸರಿದರೆ, ಅಥವಾ ಮತ್ತೆ ಸುತ್ತುವಾಗ ತುದಿ ಭಾರವಾದರೆ, ಅದು ಬಾಸ್. ರಾಡನ್ನು ಪಕ್ಕಕ್ಕೆ ಬೀಸಿ ಸುತ್ತುತ್ತಿರಿ. ಜೋರಾಗಿ ಜಗ್ಗಿದರೆ ಮೂರು ಮುಳ್ಳಿನ ಕೊಕ್ಕೆ ಬಾಯಿಯಿಂದ ಕಿತ್ತು ಬರುತ್ತದೆ.

ದೊಡ್ಡ ಮೀನನ್ನು ದವಡೆ ಹಿಡಿದು ನೇತಾಡಿಸಬೇಡಿ, ಹೊಟ್ಟೆಗೆ ಇನ್ನೊಂದು ಕೈ ಕೊಡಿ. ಫೋಟೊ ತೆಗೆದು ಬೇಗ ನೀರಿಗೆ ಬಿಡಿ. ಅಲಬಾಮಾದ ಫಿಶಿಂಗ್ ಲೈಸೆನ್ಸ್ ಮೊದಲೇ ಮಾಡಿಸಿಕೊಳ್ಳಿ. ಲೈಫ್ ಜಾಕೆಟ್ ಮೈಮೇಲೇ ಇರಲಿ, ಈ ನೀರಿಗೆ ಬಿದ್ದರೆ ಕೈಕಾಲು ಬೇಗ ಮರಗಟ್ಟುತ್ತವೆ. ಒಂದು ಮೀನು ಸಿಕ್ಕಿತೆಂದು ದೋಣಿ ಓಡಿಸಬೇಡಿ. ಚಳಿಗೆ ಅವು ಗುಂಪಾಗಿರುತ್ತವೆ, ಮತ್ತೆ ಅಲ್ಲಿಗೇ ಎಸೆಯಿರಿ.