ಮಕ್ಕಳ ಜೊತೆ ಚೀನಾದ ಗೂಡುದೀಪದ ಹಬ್ಬ

ಚೀನೀ ಚಾಂದ್ರಮಾನ ವರ್ಷದ ಮೊದಲ ಹುಣ್ಣಿಮೆಯೇ ಯುವಾನ್‌ಶಿಯಾವ್, ಗೂಡುದೀಪಗಳ ಹಬ್ಬ. ಹೊಸ ವರ್ಷದ ಹದಿನೈದನೇ ದಿನ ಬರುವ ಈ ಹುಣ್ಣಿಮೆಯೊಂದಿಗೆ ವಸಂತೋತ್ಸವ, ಅಂದರೆ ಚೀನೀ ಹೊಸ ವರ್ಷದ ಆಚರಣೆ, ಮುಗಿಯುತ್ತದೆ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಅದು ಮಾಘ ಹುಣ್ಣಿಮೆಯ ಇಲ್ಲವೇ ಹೋಳಿ ಹುಣ್ಣಿಮೆಯ ಆಸುಪಾಸು: 2025ರಲ್ಲಿ ಫೆಬ್ರುವರಿ 12ಕ್ಕೆ ಬಂದಿತ್ತು, 2026ರಲ್ಲಿ ಮಾರ್ಚ್ 3ಕ್ಕೆ, 2027ರಲ್ಲಿ ಫೆಬ್ರುವರಿ 20ಕ್ಕೆ.

ಮಕ್ಕಳಿಗೆ ಇದರಲ್ಲಿ ಮೂರು ಕೆಲಸ: ಟಾಂಗ್‌ಯುವಾನ್ ಎಂಬ ಸಿಹಿ ಉಂಡೆ ಕಟ್ಟುವುದು, ದೀಪ ಮಾಡುವುದು, ಒಗಟು ಬಿಡಿಸುವುದು. ಎಲ್ಲವನ್ನೂ ಒಂದೇ ಸಂಜೆಗೆ ಇಟ್ಟುಕೊಂಡರೆ ಚಂದ್ರ ಮೇಲೆ ಬರುವಷ್ಟರಲ್ಲಿ ಮಕ್ಕಳು ತೂಕಡಿಸುತ್ತಿರುತ್ತಾರೆ. ಹೂರಣ ಹಿಂದಿನ ದಿನವೇ ಆಗಲಿ, ದೀಪ ಮಧ್ಯಾಹ್ನಕ್ಕೆ, ಉಂಡೆ ಸಂಜೆಗೆ.

ಹಿಂದಿನ ದಿನ: ಹೂರಣ

ಕರಿ ಎಳ್ಳು 100 ಗ್ರಾಂ, ಸಕ್ಕರೆ ಪುಡಿ 60 ಗ್ರಾಂ, ಉಪ್ಪಿಲ್ಲದ ಬೆಣ್ಣೆ ಅಥವಾ ಗಟ್ಟಿ ತುಪ್ಪ 60 ಗ್ರಾಂ. ಅಂಗಡಿಯಲ್ಲಿ ಹುಚ್ಚೆಳ್ಳು ಕೊಟ್ಟರೆ ತರಬೇಡಿ, ಅದು ಬೇರೆಯೇ ಬೀಜ. ಚೀನಾದಲ್ಲಿ ವಾಡಿಕೆಯಾಗಿ ಹಾಕುವುದು ಹಂದಿಯ ಕೊಬ್ಬು. ಬೆಣ್ಣೆ, ತುಪ್ಪದಿಂದಲೂ ಅದೇ ಕೆಲಸ ಆಗುತ್ತದೆ. ಜಿಡ್ಡು ತಣ್ಣಗಿರುವಾಗ ಗಟ್ಟಿಯಾಗಿದ್ದು ಉಂಡೆ ಕಟ್ಟಲು ಬರುತ್ತದೆ, ಬೇಯುವಾಗ ಕರಗಿ ಹೂರಣ ಜಾರುವಂತಾಗುತ್ತದೆ. ಹಾಗಾಗಿ ಜಿಡ್ಡನ್ನು ಕಡಿಮೆ ಮಾಡಲು ಹೋಗಬೇಡಿ.

ಕರಿ ಎಳ್ಳು ಹುರಿದದ್ದು ಬಣ್ಣದಲ್ಲಿ ತಿಳಿಯುವುದಿಲ್ಲ. ಒಂದು ಚಿಟಿಕೆ ಬಿಳಿ ಎಳ್ಳು ಬೆರೆಸಿ ಸಣ್ಣ ಉರಿಯಲ್ಲಿ ಹುರಿಯಿರಿ. ಬಿಳಿಯದು ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಇಳಿಸಿ. ಅದಕ್ಕಿಂತ ಹೆಚ್ಚಾದರೆ ಕಹಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ, ಸಕ್ಕರೆ, ಬೆಣ್ಣೆ ಕಲಸಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಆಮೇಲೆ 8 ಗ್ರಾಂನ ಗೋಲಿಗಳನ್ನು ಮಾಡಿ ಫ್ರೀಜರ್‌ಗೆ ಹಾಕಿ. ಸುಮಾರು 27 ಆಗುತ್ತವೆ.

ಮಧ್ಯಾಹ್ನ: ದೀಪ

ಎ4 ಅಳತೆಯ ಕೆಂಪು ಕಾಗದವನ್ನು ಉದ್ದಕ್ಕೆ ಅರ್ಧ ಮಡಿಸಿ. ಮಡಿಕೆಯ ಕಡೆಯಿಂದ ಒಂದೂವರೆ ಸೆಂ.ಮೀ.ಗೊಂದರಂತೆ ಕತ್ತರಿಸುತ್ತಾ ಹೋಗಿ, ಅಂಚಿಗೆ 2 ಸೆಂ.ಮೀ. ಇರುವಾಗ ನಿಲ್ಲಿಸಿ. ಅಲ್ಲಿಗೆ ಪೆನ್ಸಿಲ್ ಗೆರೆ ಎಳೆದುಕೊಡದಿದ್ದರೆ ಚಿಕ್ಕ ಮಕ್ಕಳು ಅಂಚಿನವರೆಗೂ ಕತ್ತರಿಸಿಬಿಡುತ್ತಾರೆ. ಇನ್ನೊಂದು ಹಳದಿ ಕಾಗದವನ್ನು 16 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ ಕೊಳವೆಯಾಗಿ ಸುತ್ತಿ ಅಂಟಿಸಿ. ಕೆಂಪು ಕಾಗದವನ್ನು ಬಿಚ್ಚಿ, ಮೇಲಂಚನ್ನು ಕೊಳವೆಯ ಮೇಲಂಚಿಗೆ ಅಂಟಿಸಿ. ಬಳಿಕ ಕೆಳಗಂಚನ್ನು ಮೇಲಕ್ಕೆ ದೂಡಿ ಕೊಳವೆಯ ಕೆಳಗಂಚಿಗೆ ಕೂಡಿಸಿ. ಕೆಂಪು ಕಾಗದದ ಎತ್ತರ 21 ಸೆಂ.ಮೀ., ಕೊಳವೆಯದು 16. ಆ 5 ಸೆಂ.ಮೀ. ವ್ಯತ್ಯಾಸದಿಂದಲೇ ಪಟ್ಟಿಗಳು ಹೊರಗೆ ಉಬ್ಬಿ ದೀಪಕ್ಕೆ ದುಂಡು ಬರುವುದು. ದಪ್ಪ ರಟ್ಟು ಉಬ್ಬುವುದಿಲ್ಲ, ಮಡಿಕೆಯಲ್ಲಿ ಒಡೆಯುತ್ತದೆ.

ಮೇಲೆ ದಾರ ಕಟ್ಟಿ ಕೋಲಿಗೆ ತೂಗುಹಾಕಿ. ಮೇಣದಬತ್ತಿ ಖಂಡಿತ ಬೇಡ, ನಡೆಯುವ ಮಗುವಿನ ಕೈಯಲ್ಲಿ ಕಾಗದ ಹೊತ್ತಿಕೊಳ್ಳಲು ಒಂದು ಗಾಳಿ ಸಾಕು. ಒಳಗೆ ಸಣ್ಣ ಎಲ್‌ಇಡಿ ದೀಪವಿಡಿ. ಬಟನ್ ಬ್ಯಾಟರಿಯದಾದರೆ ಮುಚ್ಚಳಕ್ಕೆ ಸ್ಕ್ರೂ ಇರುವುದನ್ನೇ ಕೊಳ್ಳಿ. ನುಂಗಿದರೆ ಆ ಬ್ಯಾಟರಿ ಅನ್ನನಾಳವನ್ನು ಸುಡುತ್ತದೆ.

ಸಂಜೆ: ಉಂಡೆ

ಅಂಟಕ್ಕಿ ಹಿಟ್ಟು 250 ಗ್ರಾಂ, ಬೆಚ್ಚಗಿನ ನೀರು ಸುಮಾರು 200 ಮಿ.ಲೀ. ನಮ್ಮ ಮಾಮೂಲಿ ಅಕ್ಕಿ ಹಿಟ್ಟಿನಲ್ಲಿ ಇದು ಆಗದು. ಅಂಟಕ್ಕಿಯ ಪಿಷ್ಟ ಬಹುಪಾಲು ಅಮೈಲೋಪೆಕ್ಟಿನ್ ಎಂಬ ಅಂಟು ಬಗೆಯದು. ಎಳೆದರೆ ಹಿಗ್ಗುವ ಗುಣ ಅದರಿಂದಲೇ ಬರುವುದು.

ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ ಕಲಸಿ. ನಿಂಬೆಹಣ್ಣಿನ ಗಾತ್ರದ ಹಿಟ್ಟನ್ನು ತಟ್ಟಿ, ಕುದಿಯುವ ನೀರಿಗೆ ಬಿಟ್ಟು, ತೇಲಿದ ಮೇಲೆ ತೆಗೆದು ಉಳಿದ ಹಿಟ್ಟಿಗೆ ಸೇರಿಸಿ ನಾದಿ. ಈ ಬೆಂದ ತುಂಡು ಬಂಧದಂತೆ ಕೆಲಸ ಮಾಡುತ್ತದೆ, ಉಂಡೆ ಬಿರಿಯುವುದಿಲ್ಲ. ಬಿಸಿಯಿರುವಾಗ ಅದನ್ನು ನಾದುವ ಕೆಲಸ ದೊಡ್ಡವರದ್ದು.

16 ಗ್ರಾಂ ಹಿಟ್ಟನ್ನು ಬಟ್ಟಲಾಗಿ ಒತ್ತಿ, ಗೋಲಿ ಇಟ್ಟು, ಬಾಯಿ ಮುಚ್ಚಿ ಉರುಟಿಸಿ. ಹೂರಣವನ್ನು ಐದಾರರಂತೆ ಮಾತ್ರ ಫ್ರೀಜರ್‌ನಿಂದ ತೆಗೆಯಿರಿ. ಮಕ್ಕಳ ಬೆಚ್ಚಗಿನ ಕೈಯಲ್ಲಿ ಬೇಗ ಕರಗುತ್ತದೆ. ಕರಗಿದ ಜಿಡ್ಡು ಅಂಚಿಗೆ ತಾಗಿತೋ, ಎಷ್ಟು ಒತ್ತಿದರೂ ಬಾಯಿ ಕೂಡುವುದಿಲ್ಲ. ಬಿರುಕು ಕಂಡರೆ ಕೈ ಒದ್ದೆ ಮಾಡಿ ಸವರಿ. ಉಳಿದ ಹಿಟ್ಟಿನ ಮೇಲೆ ಸದಾ ಒದ್ದೆ ಬಟ್ಟೆ ಇರಲಿ. ಉತ್ತರ ಚೀನಾದಲ್ಲಿ ಹೀಗೆ ಕಟ್ಟುವುದಿಲ್ಲ: ಹೂರಣದ ತುಂಡನ್ನು ನೀರಲ್ಲಿ ಅದ್ದಿ ಒಣ ಹಿಟ್ಟಿನ ಬುಟ್ಟಿಯಲ್ಲಿ ಮತ್ತೆಮತ್ತೆ ಹೊರಳಿಸುತ್ತಾರೆ. ಮಕ್ಕಳಿಗೆ ದಕ್ಷಿಣದ ಕ್ರಮವೇ ಸುಲಭ.

ನೀರು ಕುದಿ ಬಂದಾಗ ಉಂಡೆ ಬಿಟ್ಟು, ತಳ ಹಿಡಿಯದಂತೆ ಸೌಟಿನ ಹಿಂಬದಿಯಿಂದ ಮೆಲ್ಲಗೆ ಸರಿಸಿ, ಉರಿ ತಗ್ಗಿಸಿ. ಮತ್ತೆ ಕೊತಕೊತ ಕುದಿದರೆ ಅರ್ಧ ಲೋಟ ತಣ್ಣೀರು ಹಾಕಿ. ಜೋರು ಕುದಿತಕ್ಕೆ ಉಂಡೆ ಒಡೆದು ನೀರೆಲ್ಲ ಕಪ್ಪಾಗುತ್ತದೆ. ತೇಲಿದ ಮೇಲೆ ಎರಡು ನಿಮಿಷ ಬಿಟ್ಟು, ಬೆಂದ ನೀರಿನ ಜೊತೆಗೇ ಬಟ್ಟಲಿಗೆ ಹಾಕಿ.

ಬಡಿಸುವಾಗ ಇನ್ನೂ ಎಚ್ಚರ ಬೇಕು. ಹೊರಗೆ ಆರಿದಂತೆ ಕಂಡರೂ ಒಳಗಿನ ಎಳ್ಳು ನಾಲಿಗೆ ಸುಡುವಷ್ಟು ಬಿಸಿ ಇರುತ್ತದೆ. ಮೊದಲು ಚಮಚದಿಂದ ಒಡೆದು ಕೊಡಿ. ಅಂಟು ಉಂಡೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಪುಟ್ಟ ಮಕ್ಕಳಿಗೆ ಇಡಿಯದು ಬೇಡವೇ ಬೇಡ. ದೊಡ್ಡ ಮಕ್ಕಳೂ ಕೂತು, ಅಗಿದು, ಒಂದೊಂದಾಗಿ ತಿನ್ನಲಿ. ಓಡಾಡುತ್ತಾ ತಿನ್ನುವುದು ಬೇಡ.

ರಾತ್ರಿ: ಒಗಟು

ದೀಪದ ಕೆಳಗೆ ಒಗಟಿನ ಚೀಟಿ ಕಟ್ಟುವುದು ಹಳೆಯ ರೂಢಿ. ಉತ್ತರ ಹೊಳೆದವರು ಚೀಟಿ ಹರಿದುಕೊಂಡು ದೀಪದ ಒಡೆಯರ ಬಳಿ ಹೇಳಬೇಕು, ಸರಿಯಾದರೆ ಉಡುಗೊರೆ. ಚೀನೀ ಮಕ್ಕಳೆಲ್ಲ ಬಲ್ಲ ಎರಡು ಇಲ್ಲಿವೆ. "ಒರಟು ಗೋಡೆಯ ಮನೆ, ಒಳಗೆ ಕೆಂಪು ಪರದೆ, ಪರದೆಯೊಳಗೆ ಬಿಳಿ ಡುಮ್ಮಣ್ಣ": ಕಡಲೆಕಾಯಿ. "ಏಳೆಂಟು ಅಣ್ಣತಮ್ಮಂದಿರು ಕಂಬದ ಸುತ್ತ ಕೂತಿದ್ದಾರೆ, ಬೇರೆಯಾದರೆ ಬಟ್ಟೆ ಹರಿಯುತ್ತದೆ": ಬೆಳ್ಳುಳ್ಳಿ.

ಚಿಕ್ಕವರಿಗೆ ಹೀಗೆ ಅಡುಗೆಮನೆಯ ವಸ್ತುಗಳ ಒಗಟೇ ಸರಿ. ಕನ್ನಡದ ಒಗಟುಗಳನ್ನೂ ಧಾರಾಳವಾಗಿ ಸೇರಿಸಿ. ಮಗುವಿಗೆ ಎರಡರಂತೆ ಚೀಟಿ ಸಾಕು, ಹೊಳೆಯದಿದ್ದರೆ ಉತ್ತರದ ಮೊದಲ ಅಕ್ಷರ ಹೇಳಿಕೊಡಿ. ಬಹುಮಾನಕ್ಕೆ ಕಿತ್ತಳೆ, ಕಡಲೆಕಾಯಿ, ಪೆನ್ಸಿಲ್ ಇಟ್ಟುಕೊಂಡಿರಿ, ಯಾರೂ ಬರಿಗೈಯಲ್ಲಿ ಹೋಗದಷ್ಟು.