ಹುಣಸೆಬೀಜದ ಅಂಟು, ಎರಕದ ಕಬ್ಬಿಣ

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಗಳಿಗೆ ಬೇರಿಂಗ್ ಬ್ರ್ಯಾಕೆಟ್ (ತಿರುಗುವ ದಂಡದ ಬೇರಿಂಗನ್ನು ಹಿಡಿದಿಡುವ ಆಧಾರ) ಎರಕ ಹೊಯ್ದು ಕೊಡುವುದು ನಮ್ಮ ಕಾರ್ಖಾನೆಯ ಕಾಯಂ ಕೆಲಸ. ಕೊಪ್ಪಳದ ಅಂಚಿನಲ್ಲಿರುವ ಸಣ್ಣ ಜಾಗ ಅದು; ಪ್ಯಾಟರ್ನ್ ವಿಭಾಗವೆಂದರೆ, ಅಂದರೆ ಮರಳಿನಲ್ಲಿ ಅಚ್ಚು ಒತ್ತುವ ಮರದ ಮಾದರಿ ಮಾಡುವವರೆಂದರೆ, ನಾನು ಮತ್ತು ಒಬ್ಬ ಬಡಗಿ, ಅಷ್ಟೇ. ನಾಲ್ಕು ವರ್ಷಗಳ ಹಿಂದೆ ಒಂದು ಹೊಸ ಬ್ರ್ಯಾಕೆಟ್ ನಮ್ಮಿಬ್ಬರ ನಿದ್ದೆ ಕೆಡಿಸಿತು. ಬೇರಿಂಗ್ ಕೂರುವ ದಪ್ಪ ಗುಂಡು ಭಾಗಕ್ಕೆ ತೆಳ್ಳನೆಯ ತೋಳು ಸೇರುವ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು. ಹತ್ತು ಹೊಯ್ದರೆ ಮೂರು ನಾಲ್ಕು ಮರಳಿ ಕುಲುಮೆಗೆ.

ಕಾರಣ ಗೊತ್ತಿಲ್ಲದ್ದೇನಲ್ಲ. ಬೂದು ಕಬ್ಬಿಣವನ್ನು ನಾವು ಸುಮಾರು 1,350 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹೊಯ್ಯುತ್ತೇವೆ. ತೆಳು ತೋಳು ಬೇಗ ಗಟ್ಟಿಯಾಗುತ್ತದೆ, ದಪ್ಪ ಗುಂಡು ತಡವಾಗಿ. ತಡವಾಗಿ ಕುಗ್ಗುವ ಭಾಗ ಮೊದಲೇ ಗಟ್ಟಿಯಾದದ್ದನ್ನು ಎಳೆಯುತ್ತದೆ, ಚೂಪು ಮೂಲೆ ಸೀಳುತ್ತದೆ. ಮೂಲೆಯನ್ನು ದುಂಡಗೆ ತುಂಬಿ ಫಿಲೆಟ್ ಕೊಡಿ ಎಂಬುದು ಪುಸ್ತಕದ ಮದ್ದು. ಧಾರಾಳವಾಗಿಯೇ ಕೊಟ್ಟೆವು. ಬಿರುಕು ಹೋಯಿತು, ಆದರೆ ಒಂದನ್ನು ಕೊಯ್ದು ನೋಡಿದಾಗ ಒಳಗೆಲ್ಲ ಸ್ಪಂಜಿನಂತೆ ತೂತು. ಮೊದಲೇ ದಪ್ಪವಿದ್ದ ಜಾಗವನ್ನು ಇನ್ನಷ್ಟು ದಪ್ಪ ಮಾಡಿದ್ದೆವು; ಕೊನೆಗೆ ಅದು ಕುಗ್ಗುವಾಗ ತುಂಬಲು ಕರಗಿದ ಕಬ್ಬಿಣ ಉಳಿದಿರಲಿಲ್ಲ.

ಆ ದಿನಗಳಲ್ಲಿ ನಾನು ಭಾನುವಾರಗಳಂದು ಕಿನ್ನಾಳಕ್ಕೆ ಹೋಗುತ್ತಿದ್ದೆ. ಬೈಕಿನಲ್ಲಿ ಅರ್ಧ ಗಂಟೆಯ ದಾರಿ. ಮಗಳಿಗೆ ಗೊಂಬೆ ಕೊಳ್ಳಲು ಹೋದವನು, ಮಾಡುವುದನ್ನು ನೋಡುತ್ತಾ ಅಲ್ಲಿಯೇ ಕುಳಿತುಬಿಟ್ಟಿದ್ದೆ. ಚಿತ್ರಗಾರ ಮನೆತನದ ಹಿರಿಯರೊಬ್ಬರು (ಕಾಕಾ ಎಂದೇ ಕರೆಯುತ್ತೇನೆ) ಗರುಡನನ್ನು ಮಾಡಲು ಕಲಿಸುತ್ತಿದ್ದರು. ಹಗುರವಾದ ಮರದಲ್ಲಿ ಮೈ, ಕೈ, ರೆಕ್ಕೆಗಳನ್ನು ಬೇರೆ ಬೇರೆಯಾಗಿ ಕೆತ್ತಿ ಜೋಡಿಸುತ್ತಾರೆ. ಹುಣಸೆಬೀಜದ ಅಂಟಿನಲ್ಲಿ ನೆನೆಸಿದ ಗೋಣಿಚಿಂದಿಯನ್ನು ಮೇಲೆ ಅಂಟಿಸುತ್ತಾರೆ. ಅದೇ ಅಂಟಿಗೆ ಮರದ ಹೊಟ್ಟು ಕಲಸಿದರೆ ಕಿಟ್ಟ; ಮೈಯ ಉಬ್ಬು ತಗ್ಗು ಮೂಡುವುದು ಅದರಿಂದ. ಆಮೇಲೆ ಕಲ್ಲಿನ ಪುಡಿಯ ಲೇಪ, ಬಣ್ಣ.

ನನ್ನ ಗರುಡನ ರೆಕ್ಕೆ ಬುಡದಲ್ಲಿ ಸೀಳಿತು. ಬೇಗ ಮುಗಿಯಲೆಂದು ಅಲ್ಲಿಗೆ ಒಂದು ಮುದ್ದೆ ಕಿಟ್ಟ ಮೆತ್ತಿದ್ದೆ. ಹೊರಗೆ ಒಣಗಿತ್ತು, ಒಳಗೆ ಹಸಿ. ಕಾಕಾ ಉಗುರಿನಿಂದ ಕೆರೆದು ತೋರಿಸಿದರು: ‘ಹೊಟ್ಟೆ ತುಂಬಿಸುವುದಕ್ಕೆ ಕಿಟ್ಟ ಬೇಡ ತಮ್ಮಾ. ಒಳಗೆ ಚಿಂದಿ ತುಂಬು. ಕಿಟ್ಟ ಬರೀ ಚರ್ಮ.’

ಆ ಮಾತು ಕೇಳಿದಾಗ ಏನೂ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ಕೊಯ್ದಿಟ್ಟ ಬ್ರ್ಯಾಕೆಟ್ ಕಣ್ಣಿಗೆ ಬಿದ್ದಾಗ ಹೊಳೆಯಿತು. ಗುಂಡಿನ ಹೊಟ್ಟೆಗೆ ಕಬ್ಬಿಣವೇಕೆ? ಬೇರಿಂಗಿಗೆ ಹೇಗೂ ಅಲ್ಲಿ ರಂಧ್ರ ಬೇಕು. ಗಟ್ಟಿಯಾಗಿ ಹೊಯ್ದು ಆಮೇಲೆ ಲೇತ್‌ನಲ್ಲಿ ಕೊರೆಯುತ್ತಿದ್ದೆವು, ಹಿಂದಿನಿಂದ ಹಾಗೆಯೇ ನಡೆದಿತ್ತು. ಒಳಗೆ ಮರಳಿನ ಕೋರ್, ಅಂದರೆ ಕಬ್ಬಿಣ ತುಂಬದಂತೆ ಟೊಳ್ಳು ಉಳಿಸುವ ಮರಳಿನ ತುಂಡು, ಇಟ್ಟರೆ ಗೋಡೆಯ ದಪ್ಪ ತೋಳಿನ ದಪ್ಪಕ್ಕೆ ಹತ್ತಿರ ಬರುತ್ತದೆ. ಕೋರ್ ಎಂಬುದು ನನಗೆ ಹೊಸದೇ? ಡಿಪ್ಲೊಮಾದಲ್ಲಿ ಅದರ ಮೇಲೆ ಹತ್ತು ಅಂಕದ ಪ್ರಶ್ನೆ ಬರೆದವನು. ಆದರೂ ರೆಕ್ಕೆ ಸೀಳುವವರೆಗೆ ಈ ಬ್ರ್ಯಾಕೆಟ್ಟಿನಲ್ಲಿ ಅದು ಕಂಡಿರಲಿಲ್ಲ.

ಇನ್ನು ಫಿಲೆಟ್ ಎಷ್ಟು ದುಂಡಗಿರಬೇಕು ಎಂಬುದು ಉಳಿಯಿತು. ನಾಲ್ಕೈದು ಆಕಾರ ಹಾಕಿ ನೋಡಬೇಕಿತ್ತು. ನಾವು ಬಳಸುವ ಪುಟ್ಟಿ ಒಮ್ಮೆ ಕಲ್ಲಾದರೆ ಕೆರೆದು ತೆಗೆಯುವುದು ಹಿಂಸೆ. ಕಿಟ್ಟವಾದರೆ ಅರೆ ಒಣಗಿದಾಗ ಚಾಕುವಿನಿಂದ ತಿದ್ದಬಹುದು, ಬೇಡವಾದರೆ ಒದ್ದೆ ಬಟ್ಟೆಯಲ್ಲಿ ನೆನೆಸಿ ಕಳಚಬಹುದು. ಒಂದು ಡಬ್ಬಿ ತಂದು ಮರದ ಪ್ಯಾಟರ್ನ್‌ಗೆ ಮೆತ್ತಿದೆ. ಮೊದಲ ದಿನ ಮರ್ಯಾದೆ ಹೋಯಿತು. ಅಚ್ಚಿನ ಮರಳಿನಲ್ಲಿ ಬೆಂಟೊನೈಟ್ ಜೇಡಿಮಣ್ಣಿನ ಜೊತೆ ನೀರೂ ಇರುತ್ತದಲ್ಲ, ಮೂರನೆಯ ಅಚ್ಚಿಗೆ ಕಿಟ್ಟ ಮೆತ್ತಗಾಗಿ ಮರಳನ್ನೇ ಕಚ್ಚಿಕೊಂಡಿತು. ಬಡಗಿ ನಕ್ಕ. ಗೊಂಬೆಗೆ ಮಾಡುವಂತೆಯೇ ತೆಳು ಪದರಗಳಲ್ಲಿ ಹಚ್ಚಿ, ಒಂದೊಂದನ್ನೂ ಒಣಗಿಸಿ, ಕಲ್ಲುಪುಡಿಯ ಲೇಪ ಕೊಟ್ಟು, ಮೇಲೆ ಎರಡು ಸಲ ವಾರ್ನಿಷ್ ಹೊಡೆದ ಮೇಲೆ ಹನ್ನೆರಡು ಅಚ್ಚುಗಳವರೆಗೆ ತಾಳಿತು. ಪರೀಕ್ಷೆಗೆ ಅಷ್ಟು ಸಾಕು. ವಾರಕ್ಕೊಂದು ಆಕಾರ ನೋಡುತ್ತಿದ್ದವರು ಎರಡು ದಿನಕ್ಕೊಂದು ನೋಡತೊಡಗಿದೆವು. ದಿನನಿತ್ಯದ ಉತ್ಪಾದನೆಗೆ ಮಾತ್ರ ಕಿಟ್ಟ ಆಗುವುದಿಲ್ಲ. ಆಕಾರ ಗೊತ್ತಾದ ಮೇಲೆ ಅದನ್ನು ಮರದಲ್ಲೇ ಕೆತ್ತಿಸಿದೆವು.

ಕಲೆ ಕಲಿತ ತಂತ್ರಜ್ಞರು ಹೆಚ್ಚು ಹೊಸತನ್ನು ಮಾಡುತ್ತಾರೆ ಎನ್ನಲು ಲೆಕ್ಕಾಚಾರಗಳೂ ಇವೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು 1990ರಿಂದ 1995ರ ನಡುವೆ ಅಲ್ಲಿನ ಆನರ್ಸ್ ಕಾಲೇಜಿನಿಂದ ಹೊರಬಂದ ವಿಜ್ಞಾನ, ತಂತ್ರಜ್ಞಾನ ಪದವೀಧರರನ್ನು ವಿಚಾರಿಸಿದಾಗ ಶೇ 93ರಷ್ಟು ಮಂದಿ ಸಂಗೀತ ಕಲಿತವರಾಗಿದ್ದರು; ಅಲ್ಲಿನ ಸಾಮಾನ್ಯ ಜನರಲ್ಲಿ ಆ ಪ್ರಮಾಣ ಶೇ 34. ನನಗೆ ಇದರ ಮೇಲೆ ಪೂರ್ತಿ ನಂಬಿಕೆಯಿಲ್ಲ. ಮಕ್ಕಳಿಗೆ ಸಂಗೀತದ ಮೇಷ್ಟ್ರನ್ನು ಗೊತ್ತುಮಾಡುವ ಮನೆಯಲ್ಲಿ ಬೇರೆ ಅನುಕೂಲಗಳೂ ಇರುತ್ತವೆ. ನನಗೆ ಹಿಡಿಸುವುದು ಸಿ.ವಿ. ರಾಮನ್ ಅವರ ಮೃದಂಗದ ಕೆಲಸ. ಚರ್ಮದ ನಡುವೆ ಹಚ್ಚುವ ಕಪ್ಪು ಕರಣೆಯಿಂದಾಗಿಯೇ ಅದರ ನಾದ ತಂತಿವಾದ್ಯದಂತೆ ಸ್ವರಬದ್ಧವಾಗುತ್ತದೆ ಎಂದು 1920ರಲ್ಲಿ ಅವರು ತೋರಿಸಿದರು. ಕರಣೆ ಹಚ್ಚುವವರು ಎಷ್ಟೋ ತಲೆಮಾರುಗಳ ಹಿಂದೆಯೇ ಅದನ್ನು ಕೈಯಲ್ಲಿ ಸಾಧಿಸಿಕೊಂಡಿದ್ದರು.

ನಮ್ಮ ಮಾಲೀಕರು ಇದೆಲ್ಲ ಕೇಳಿ ಎಲ್ಲರನ್ನೂ ಒಂದು ದಿನ ಕಿನ್ನಾಳಕ್ಕೆ ಕಳಿಸೋಣವೇ ಎಂದರು. ಬೇಡವೆಂದೆ. ಒಂದು ದಿನದಲ್ಲಿ ಫೋಟೊ ತೆಗೆಯಬಹುದು, ರೆಕ್ಕೆ ಸೀಳುವುದಿಲ್ಲ. ನನಗೆ ಅದಕ್ಕೆ ಏಳು ತಿಂಗಳು ಹಿಡಿಯಿತು.

ಬಿರುಕಿಲ್ಲದ ಮೊದಲ ಬ್ರ್ಯಾಕೆಟ್ಟನ್ನು ಕಾಕಾಗೆ ಒಯ್ದು ಕೊಟ್ಟೆ. ತಿರುಗಿಸಿ ನೋಡಿದರು, ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದರು, ಬೆರಳಗಂಟಿನಿಂದ ತಟ್ಟಿ ಕಿವಿಗೊಟ್ಟರು.

‘ಇದಕ್ಕೆ ಬಣ್ಣ ಯಾವುದು?’

‘ಬೂದು, ಕಾಕಾ.’

ಮುಖ ಸಿಂಡರಿಸಿ ಕೆಳಗಿಟ್ಟರು.